ಫೋಟೋದ ಹಿಂಬದಿ

ಗ್ಯುಮ್ರಿ, ಕರಿಕಲ್ಲಿನ ಊರು.
ಹಳೆಯ ಔಷಧದಂಗಡಿಯೇ ನಮ್ಮ ಅಂಧ ಮಕ್ಕಳ ಶಾಲೆ.
ಕಪಾಟಿನಲ್ಲಿನ್ನೂ ಅಯೋಡಿನ್ ವಾಸನೆ.
ಅಲ್ಲೇ ಒಲೆಯ ಪಕ್ಕ ಕೂತಿದೆ ಯಂತ್ರ, ಶಾಲು ಹೊದ್ದು.
ಚಳಿಗೆ ಅದರ ಬಿಸಿಮೂಗೂ ಕಟ್ಟುತ್ತದೆ.
ಕಡಜ ಗೂಡು ಕಟ್ಟುವ ಹಾಗೆ
ಎಳೆಯ ಮೇಲೆ ಎಳೆ, ಪದರದ ಮೇಲೆ ಪದರ,
ಗೊಣಗುತ್ತಲೇ ಇರುತ್ತದೆ, ಹೊತ್ತಿಲ್ಲ ಗೊತ್ತಿಲ್ಲ.

ಆರ್ಪಿಗೆ ಹನ್ನೊಂದು.
ಅವಳಿಗೆ ಮೊದಲು ಕೊಟ್ಟದ್ದು ಅರಗಾತ್ಸ್ ಬೆಟ್ಟ, ಅಂಗೈಯಷ್ಟು.
ಅದುವರೆಗೆ ಬೆಟ್ಟವೆಂದರೆ
ಒಂದೇ ದಿಕ್ಕಿನಿಂದ ಬರುವ ಚಳಿಗಾಳಿ,
ದೊಡ್ಡವರು ಮಾತು ನಿಲ್ಲಿಸಿ ನೋಡುವ ಏನೋ ಒಂದು.
ಬೆರಳು ಏರಿತು, ಇಳಿಯಿತು, ಮತ್ತೆ ಏರಿತು.
"ನಾಲ್ಕು ಶಿಖರ! ನಡುವೆ ಬಟ್ಟಲು!
ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲವಲ್ಲ?"
ಕಣ್ಣಿದ್ದ ನಾವು ಎಂದೂ ಎಣಿಸಿರಲಿಲ್ಲ.

ಆಮೇಲೆ ಅವಳ ಆಸೆಗೆ ಕೊನೆಯಿಲ್ಲ:
ಚಿಗಟದ ಕಾಲು, ಕರಗದ ಹಿಮದ ಹರಳು,
ಮಾತು ಹೊರಡುವ ಮುನ್ನ
ಬಾಯೊಳಗೆ ನಾಲಿಗೆ ಮಡಚಿಕೊಳ್ಳುವ ರೀತಿ.
ಬೆಂಕಿಯ ನಾಲಿಗೆಯನ್ನೂ ಕೇಳಿದಳು. ಕೊಟ್ಟೆ.
ಮುಟ್ಟಿ, "ಸುಳ್ಳು" ಎಂದು ಹಿಂದಿರುಗಿಸಿದಳು.
ನೆರಳು ಕೇಳಿದಳು. ಯಂತ್ರ ಒಪ್ಪಲಿಲ್ಲ,
ಕೂದಲೆಳೆಯಷ್ಟಾದರೂ ದಪ್ಪ ಬೇಕಂತೆ ಅದಕ್ಕೆ.

ಊರಿಗೂ ರುಚಿ ಹತ್ತಿತು.
ಮುರಿದದ್ದನ್ನು ಎಸೆಯುವುದು ಬಿಟ್ಟರು ಜನ.
ಹೊಲಿಗೆ ಯಂತ್ರದ ಅರ್ಧ ಹಲ್ಲುಗಾಲಿ,
ಸಮೋವಾರದ ನಲ್ಲಿಯ ಕಿವಿ,
ಸೇನೆಯಿಂದ ಮರಳಿದ ಮಗನ ಕೋಟಿನ ಗುಂಡಿ;
ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಡುತ್ತಾರೆ
ಬಿದ್ದ ಹಲ್ಲು ತಂದವರ ಹಾಗೆ.
"ಅರ್ಧ ಇದೆಯಲ್ಲ ತಾಗುಹಿ, ಸಾಕಲ್ಲವಾ?"
ಮಾತಿಗೂ ಮಿಲಿಮೀಟರು ಸೇರಿಕೊಂಡಿದೆ.
ಹೊರಗೆ ಗಟ್ಟಿ ಗೋಡೆ ಎಬ್ಬಿಸಿ
ಒಳಗೆ ಬರೀ ಜಾಲರಿ ಹೆಣೆಯುವುದನ್ನು ಕಂಡ
ರೊಟ್ಟಿಯಂಗಡಿಯ ಸಿರಾನುಷ್ ಮೊನ್ನೆ ಗಂಡನಿಗೆ ಬೈದದ್ದು:
"ನಿನ್ನೊಳಗೆ ತುಂಬಿರುವುದು ನೂರಕ್ಕೆ ಹದಿನೈದು!"

ಆರ್ಪಿಯ ತಾತ ಹ್ರಾಂತ್ ಮಾತ್ರ ಬಾಗಿಲಲ್ಲೇ ನಿಲ್ಲುತ್ತಿದ್ದ.
ಐವತ್ತು ವರ್ಷ ಕಲ್ಲು ಕೆತ್ತಿದ ಕೈ.
"ಬೇಡದ್ದನ್ನು ತೆಗೆಯುವುದು ನನ್ನ ಕಸುಬು.
ಇದು ಬೇಕಾದ್ದನ್ನಷ್ಟೇ ಹಾಕುತ್ತದೆ.
ತಪ್ಪಿದರೆ ಅಳಿಸಿ ಮತ್ತೆ ಶುರು ಮಾಡುವುದು
ಅದೆಂಥ ಕೆಲಸ?"

ಅವನೇ ಒಂದು ದಿನ ಫೋಟೋ ತಂದ.
ಭೂಕಂಪದ ಚಳಿಗಾಲದಲ್ಲಿ ಹೋದ ಹೆಂಡತಿ.
"ಅಜ್ಜಿ ಹೇಗಿದ್ದಳು ಅಂತ ಮಗು ಕೇಳುತ್ತದೆ."
ಹಣೆ ಬಂತು, ಮೂಗು ಬಂತು, ತುಟಿಯ ಓರೆ ಬಂತು.
ಆಮೇಲೆ ಪರದೆ ಬರಿದು.
ಫೋಟೋಗೆ ಹಿಂಬದಿಯೆಂದರೆ ರಟ್ಟು,
ಸ್ಟುಡಿಯೋದ ಮಾಸಿದ ಮುದ್ರೆ.

ಹ್ರಾಂತ್ ಕಣ್ಣು ಮುಚ್ಚಿದ.
ಎರಡೂ ಕೈ ಎತ್ತಿ ಗಾಳಿಯಲ್ಲಿ ತಲೆಯೊಂದನ್ನು ಹಿಡಿದ.
"ತುರುಬು ಇಷ್ಟು ಕೆಳಗೆ. ಎಡಕ್ಕೆ ವಾಲಿದ್ದು.
ಕಿವಿಯ ಹಿಂದೊಂದು ಗುಳಿ,
ಹೆಬ್ಬೆರಳು ಕೂರುವಷ್ಟು."
ಅವನ ಕೈ ನೋಡುತ್ತ ತಿದ್ದಿದೆ. ಮೂರು ರಾತ್ರಿ.
ಎರಡು ಸಲ ಕರೆಂಟು ಹೋಗಿ
ಆಕೆ ಕಿವಿಯವರೆಗಷ್ಟೇ ಬಂದು ನಿಂತಳು.

ಮೂರನೆಯದನ್ನು ತಾತ ತಿರುಗಿಸಿ ನೋಡಿದ.
"ಅಲ್ಲ" ಎಂದ.
ಜೇಬಿನಿಂದ ಅರ ತೆಗೆದು ಗುಳಿಯನ್ನು ಉಜ್ಜತೊಡಗಿದ.
ಬಿಳಿಪುಡಿ ಮೊಣಕಾಲ ಮೇಲೆ ಉದುರಿತು.
ಸಂಜೆಯಾಯಿತು.

ಆರ್ಪಿಯ ಬೆರಳು ಹಣೆಯಿಂದ ಹೊರಟು
ತುರುಬು ಬಳಸಿ, ಕಿವಿಯ ಹಿಂದೆ ನಿಂತಿತು.
"ಇಲ್ಲಿ ದೊರಗು, ತಾತ."
"ಹ್ಞೂಂ."
"ಇಲ್ಲಿ ನೀನಿದ್ದೀ."

ಸುಮ್ಮನಿರಲಾರದೆ ನಾನಂದೆ:
ಬೇಕಿದ್ದರೆ ಇನ್ನೊಂದು ಪ್ರತಿ ಮಾಡೋಣ, ಎಷ್ಟಾದರೂ.
ಇಬ್ಬರೂ ಉತ್ತರಿಸಲಿಲ್ಲ.
ಯಂತ್ರದ ನೆನಪಿನಲ್ಲಿ ಆ ಗುಳಿ ಇನ್ನೂ ನುಣುಪು.

ಬಾಗಿಲಲ್ಲಿ ಯಾರೋ ಕೆಮ್ಮಿದರು.
ಕರವಸ್ತ್ರದ ಗಂಟು.
ಒಳಗೆ, ಕಿಟಕಿಯ ಚಿಲಕ, ಅರ್ಧ.