ಒಳಮಡಿಕೆ

ರೋಲಾದ ಹಿಂದಿನ ಗಲ್ಲಿಯ ಪರದೆ ಅಂಗಡಿ ನನ್ನದಲ್ಲ,
ಹೊಲಿಗೆ ಮಾತ್ರ ನನ್ನದು.
ಹತ್ತೊಂಬತ್ತು ವರ್ಷದಿಂದ ಶಾರ್ಜಾದ ಕಿಟಕಿಗಳನ್ನು ಅಳೆಯುತ್ತಿದ್ದೇನೆ.
ಮನೆಗಳ ಬೆಲೆ ಏರಿತೋ ಇಳಿಯಿತೋ
ಪತ್ರಿಕೆಗಿಂತ ಒಂದು ವಾರ ಮುಂಚೆ
ನನ್ನ ಟೇಪಿಗೆ ಗೊತ್ತು.

ಬಾಡಿಗೆಯವರು ಬಾಗಿಲಲ್ಲೇ ಹೇಳಿಬಿಡುತ್ತಾರೆ:
"ಮಾಸ್ಟರ್, ಡ್ರಿಲ್ ಬೇಡ, ಡೆಪಾಸಿಟ್ ಹಿಡಿದುಕೊಳ್ಳುತ್ತಾರೆ."
ಅವರಿಗೆ ಅಂಟಿಸುವ ಕೊಕ್ಕೆ, ತೆಳು ಪಾಲಿಯೆಸ್ಟರ್,
ಮುಂದಿನ ಮನೆಗೂ ಆಗುವಂಥ ಅಳತೆ.
ಮುಂದಿನ ಮನೆ ಈಚೆಗೆ ಯಾವಾಗಲೂ
ಇನ್ನೊಂದಿಷ್ಟು ಚಿಕ್ಕದು.

ಕೊಂಡವರು ಬೇರೆ.
ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಾರೆ,
ತೆಂಗಿನಕಾಯಿ ಆರಿಸುವವರ ಹಾಗೆ.
"ಕೊರೆಯಿರಿ, ಎಷ್ಟು ಬೇಕಾದರೂ ಕೊರೆಯಿರಿ" ಅಂದು
ಪುಡಿ ಉದುರುವುದನ್ನು ನಿಂತು ನೋಡುತ್ತಾರೆ.
ಪುಡಿಯೂ ತಮ್ಮದೇ ಅಲ್ಲವೇ.

ಆ ವರ್ಷ ಬಾಡಿಗೆ ಏರಿದ್ದೇ ಏರಿದ್ದು.
ಒಂದೇ ಪರದೆಯನ್ನು ಎರಡೆರಡು ಸಲ ಕತ್ತರಿಸಿಕೊಟ್ಟೆ:
ಬೆಡ್‌ರೂಮಿನವರು ಸ್ಟುಡಿಯೋಗೆ,
ಸ್ಟುಡಿಯೋದವರು ಪಾರ್ಟಿಶನ್ನಿಗೆ.
ಪಾರ್ಟಿಶನ್ನಿನವರಿಗೆ ಕಿಟಕಿಯೇ ಇಲ್ಲ,
ಅವರು ನನ್ನ ಗಿರಾಕಿಗಳಲ್ಲ.
ನಾನೂ ಅವರೊಳಗೊಬ್ಬ.

ಜನವರಿಯ ಒಂದು ಬೆಳಗ್ಗೆ, ಮಂಜು
ಎದುರು ಕಟ್ಟಡದ ಮೇಲರ್ಧವನ್ನು ಅಳಿಸಿಹಾಕಿದ್ದಾಗ,
ಸ್ವೆಟರಿನ ಮೇಲೆ ಆಸ್ಪತ್ರೆಯ ಬಿಲ್ಲೆ ಸಿಕ್ಕಿಸಿಕೊಂಡು
ರಾತ್ರಿಪಾಳಿಯ ಕಣ್ಣಲ್ಲಿ ರೋವೆನಾ ಬಂದಳು.
"ಮನೆ ಕೊಂಡೆ ಮಾಸ್ಟರ್. ಅಜ್ಮಾನ್. ಹದಿನೇಳನೆಯ ಮಹಡಿ."
ಅಳತೆಗೆ ಯಾವಾಗ ಬರಲಿ ಅಂದೆ.
ಚೀಲದಿಂದ ಒಂದು ಕಾಗದ ತೆಗೆದು ಬಿಡಿಸಿದಳು.
ಕಟ್ಟಡವಿನ್ನೂ ಗುಂಡಿಯಲ್ಲಿತ್ತು,
ಹದಿನೇಳನೆಯ ಮಹಡಿ ಇದ್ದದ್ದು ಬರೀ ಗಾಳಿಯಲ್ಲಿ.

"ಮನೆಗೆ ತೊಂಬತ್ತಾರು ಕಂತು.
ಪರದೆಯನ್ನಾದರೂ
ಒಂದೇ ಸಲಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕು ಅನ್ನಿಸಿತು."

ಸ್ಕೇಲಿಟ್ಟು ಕಾಗದದ ಕಿಟಕಿ ಅಳೆದೆ.
ಹೆಬ್ಬೆರಳ ಒಂದು ಗೆಣ್ಣಿನಷ್ಟು.
ಹುಡುಗ ಸೊಹೇಲ್ ಕಿಸಕ್ಕೆಂದ.
ನಾನು ನೂರರಿಂದ ಗುಣಿಸಿದೆ, ನೆರಿಗೆಗೆಂದು ಎರಡರಷ್ಟು ಮಾಡಿದೆ,
ರಸೀದಿ ಬರೆದೆ.
ಬಣ್ಣ ಎಳೆ ಸೌತೆಯ ಹಸಿರು.
"ಸಮುದ್ರದ ಕಡೆಯ ಕಿಟಕಿ" ಅಂದಳು.
ನಕ್ಷೆಯಲ್ಲಿ ಆ ಕಡೆಗೊಂದು ಬಾಣವಿತ್ತು, ಅಷ್ಟೇ.

ಹೊಲಿದ ಪರದೆ ಮೇಲಿನ ಅಟ್ಟಣಿಗೆಯಲ್ಲಿ ಕೂತಿತು.
ಹನ್ನೊಂದು ತಿಂಗಳು ಅಲ್ಲಿ ಕ್ರೇನು ಅಲುಗಲಿಲ್ಲವಂತೆ.
ಕಂತು ಕಟ್ಟಿದ ದಿನ ಅಂಗಡಿಗೆ ಬರುತ್ತಿದ್ದಳು,
ಕಟ್ಟಡ ನೋಡಲು ಹೋಗದೆ, ಬಟ್ಟೆ ನೋಡಲು.
ಅಂಚನ್ನು ಎರಡು ಬೆರಳಲ್ಲಿ ಉಜ್ಜಿ
"ಇದೆ" ಅಂದು ಹೋಗುವಳು.

ಒಮ್ಮೆ ತುಂಬ ಹೊತ್ತು ಕೂತಳು.
ಏಜೆಂಟ್ ಫೋನ್ ಮಾಡಿದ್ದ: ಈಗಲೇ ಮಾರು,
ಮೇಲೆ ನಲವತ್ತು ಸಾವಿರ ಸಿಗುತ್ತದೆ, ಬೆಲೆ ಬೀಳುವ ಮೊದಲು.
"ಒಂದು ದಿನವೂ ಮಲಗದ ಮನೆ ಮಾಸ್ಟರ್,
ಅದಕ್ಕೆ ಇಷ್ಟು ದುಡ್ಡು!"
ಚಹಾ ತರಿಸಿದೆ. ಕುಡಿಯಲಿಲ್ಲ.
ಮಾರಬೇಡ ಅನ್ನಲು ನಾನು ಯಾರು?
ನನ್ನ ಮಂಚಕ್ಕೂ ಆ ವಾರವೇ ನೂರು ದಿರ್ಹಮ್ ಏರಿತ್ತು.
ಪರದೆಯ ಹಣ ವಾಪಸ್ ಕೊಡುವುದಿಲ್ಲ ಅಂದೆ,
ಸಿಡುಕಿನಿಂದಲೇ ಅಂದೆ.
ನಕ್ಕು ಎದ್ದು ಹೋದಳು.

ಮೂರನೆಯ ಚಳಿಗಾಲ ಕೀಲಿ ಕೈಗೆ ಬಂತು.
ಛಾವಣಿಯನ್ನು ಬಿಲ್ಡರ್ ಒಂದು ಗೇಣು ಇಳಿಸಿದ್ದ,
ಪರದೆ ನೆಲದ ಮೇಲೆ ಕಾಲು ಚಾಚಿ ಬಿತ್ತು.
"ಕತ್ತರಿಸಿಬಿಡಿ."
ಕತ್ತರಿಸಲಿಲ್ಲ. ಕಾಲು ಮಡಚಿ ಕೂತು ಒಳಗೆ ಮಡಿಸಿದೆ,
ಕೈಹೊಲಿಗೆ, ದೊಡ್ಡ ದೊಡ್ಡ ಹೆಣಿಗೆ.
ಶಾಲೆಯ ಹುಡುಗಿಯರ ಲಂಗಕ್ಕೆ ಬಿಡುತ್ತೇವಲ್ಲ, ಹಾಗೆ.
"ಕಿಟಕಿ ಬೆಳೆಯುತ್ತದೆಯೇ ಮಾಸ್ಟರ್?"
ನನಗೇನು ಗೊತ್ತು. ಬಟ್ಟೆ ಒಳ್ಳೆಯದಿತ್ತು.

ಡ್ರಿಲ್ ಹಿಡಿದಾಗ ಕೆಳಗೆ ಅಂಗೈ ಒಡ್ಡಿ ನಿಂತಳು.
ಬಿಳಿ ಪುಡಿ ತುಂಬಿತು, ಎಲ್ಲಿ ಸುರಿಯುವುದೆಂದು ತಿಳಿಯದೆ
ಅಡುಗೆಮನೆಗೂ ಬಚ್ಚಲಿಗೂ ನಡುವೆ
ಮುಷ್ಟಿ ಬಿಗಿದು ಓಡಾಡಿದಳು.

ಪರದೆ ಸರಿಸಿದೆ. ಸಮುದ್ರವಿರಲಿಲ್ಲ.
ಬಾಣದ ಕಡೆ ಇನ್ನೊಂದು ಕಟ್ಟಡ ಎದ್ದಿತ್ತು,
ಹದಿನಾಲ್ಕು ಮಹಡಿ, ಮಹಡಿಗೆ ಎಂಟರಂತೆ
ಗಾಜಿಲ್ಲದ ಕಿಟಕಿಗಳು.
ಎಣಿಸಿದೆ.
ಅಭ್ಯಾಸ.