ರಟ್ಟಿನ ಮೇಲೊಂದು ಹನಿ

ನರಿನ್ ಊರಿನ ಬಸ್ ನಿಲ್ದಾಣದ ಹಿಂದೆ
ಸಗಿನ್‌ಬೆಕ್‌ನ ಬಾಡಿಗೆ ಹೋಂಡಾ.
ದಿನಾ ರಾತ್ರಿ ಅದರ ಹೊಟ್ಟೆಯಡಿ
ಯಾವುದೋ ಟೀವಿ ಡಬ್ಬದ ರಟ್ಟು ಹಾಸಿಡುತ್ತಾನೆ,
ಬೆಳಗ್ಗೆ ಎಳೆದು ಓದುತ್ತಾನೆ
ಪೇಪರು ಓದಿದ ಹಾಗೆ, ಕನ್ನಡಕ ಏರಿಸಿ.

ಕಪ್ಪು ಚುಕ್ಕೆಯಾದರೆ ಎಂಜಿನ್ ಆಯಿಲು,
ಹಸಿರಾದರೆ ರೇಡಿಯೇಟರು,
ಬರೀ ನೀರಾದರೆ ಏನಿಲ್ಲ, ಹಿಮ ಕರಗಿದ್ದು.

ಅವತ್ತು ನಾವು ಮೂವರು, ಒಂದು ಮಗು:
ಎರಡು ಡಬ್ಬ ಬಿಳಿಜೇನು ಹೊತ್ತ ನಾನು,
ರಜೆ ಮುಗಿದು ಮುಖ ಸಣ್ಣಗಾದ ಸಿಪಾಯಿ ಹುಡುಗ,
ಹಲ್ಲು ಕೀಳಿಸಲು ಹೊರಟ ಬುರುಲ್ಚಾ ಅಜ್ಜಿ,
ಅವಳ ಮೊಮ್ಮಗಳು, ಆಗಲೇ ನಿದ್ದೆಯಲ್ಲಿ.
ಬಿಷ್ಕೆಕ್ಕಿನಲ್ಲಿ ಹನ್ನೆರಡಕ್ಕೆ ನನ್ನ ಗಿರಾಕಿ ಕಾಯುತ್ತಿದ್ದ.

ಸಗಿನ್‌ಬೆಕ್ ರಟ್ಟು ಎಳೆದ. ನೋಡಿದ.
ಎಡಗಡೆ ಹಿಂಚಕ್ರದ ಜಾಗದಲ್ಲಿ
ಬಣ್ಣವಿಲ್ಲದ ಒಂದು ಹನಿ.
ಬೆರಳಲ್ಲಿ ತಿಕ್ಕಿದ. ಜಾರಿತು. ಮೂಸಿದ.
“ಇಳೀರಿ” ಅಂದ.

“ಒಂದು ಹನಿಗಾ?”
“ಒಂದೇ. ಬ್ರೇಕಿನದು.”
“ನಾಳೆ ಮಾಡಿಸಬಹುದಿತ್ತಲ್ಲ!”
“ನಾಳೆ ಡೊಲೋನ್ ಘಾಟಿಯ ಆಚೆಗಿದೆ ತಾಯಿ,
ನಾವು ಈಚೆ.”

ಹನಿಗೂಡಿದರೆ ಹಳ್ಳ ಅನ್ನುತ್ತಾರೆ.
ಯಾವ ಹಳ್ಳ ಅಂತ ಯಾರೂ ಹೇಳುವುದಿಲ್ಲ.

ಬಿಡಿಭಾಗದ ಅಂಗಡಿಯವ ಮದುವೆಗೆ ಹೋಗಿದ್ದ.
ಅವನ ತಮ್ಮನನ್ನು ಎಬ್ಬಿಸಿ ತಂದದ್ದು
ಉಂಗುರದಷ್ಟು ರಬ್ಬರು, ಎರಡು.
ಅಷ್ಟಕ್ಕೆ ಮೂರು ಗಂಟೆ.
ಸಿಪಾಯಿಯನ್ನು ಸೀಟಿಗೆ ಕೂರಿಸಿ
ಕೆಳಗಿಂದ ಕೂಗುತ್ತಿದ್ದ: ಒತ್ತು. ಹಿಡಿ. ಬಿಡು.
ಒತ್ತು. ಹಿಡಿ. ಹಿಡಿ ಅಂದೆನಲ್ಲೋ!
ಅಜ್ಜಿ ಊದಿದ ಕೆನ್ನೆ ಹಿಡಿದು
ಹೋಂಡಾದ ಏಳು ತಲೆಮಾರಿಗೆ ಶಾಪ ಹಾಕಿದಳು.
ನನ್ನ ಗಿರಾಕಿ ಫೋನು ಮಾಡಿದ,
ಬೇರೆಯವರ ಜೇನು ಕೊಂಡೆ ಅಂತ.
ಹೊರಡುವ ಮುನ್ನ ಸಗಿನ್‌ಬೆಕ್ ಮತ್ತೆ
ನಾಲ್ಕು ಟೈರಿಗೂ ಗಾಳಿ ನೋಡಿದ.
ನನಗೆ ನೋಡಲಾಗಲಿಲ್ಲ, ಆ ಕಡೆ ತಿರುಗಿ ನಿಂತೆ.

ಘಾಟಿ ಹತ್ತಿದೆವು. ಇಳಿಯುವಾಗ
ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ
ರಸ್ತೆ ತುಂಬ ಕುದುರೆಗಳು.
ಕಾಯುವವನು ಎಲ್ಲೋ ಮೇಲೆ ಸೀಟಿ ಹಾಕುತ್ತಿದ್ದ.
ಎಡಕ್ಕೆ ಬಂಡೆ, ಬಲಕ್ಕೆ ಬರೀ ಗಾಳಿ.
ಸಗಿನ್‌ಬೆಕ್ ಕಾಲು ಇಟ್ಟ.
ಗಾಡಿ ನಿಂತಿತು.
ಅಷ್ಟೆ.
ಜೇನಿನ ಡಬ್ಬ ಒಂದು ಗೇಣು ಜರುಗಿತು.
ಕಂದು ಮರಿಯೊಂದು ಬಂದು ಬಾನೆಟ್ಟು ಮೂಸಿ,
ಗಾಜಿಗೆ ಒದ್ದೆ ಮೂಗು ಒತ್ತಿ ಹೋಯಿತು.
ಮಗು ಏಳಲೇ ಇಲ್ಲ.

ಕೆಟ್ಟದ್ದಾದರೆ ಊರೆಲ್ಲ ಕತೆ.
ಆಗದೇ ಹೋದದ್ದಕ್ಕೆ ಹೇಗೆ ಕತೆ ಕಟ್ಟುವುದು?
ಮನೆಯಲ್ಲಿ ಹೇಳಿದರೆ ಕೇಳುತ್ತಾರೆ, “ಆಮೇಲೆ?”
ಆಮೇಲೆ ಕೊಚ್ಕೋರಿನಲ್ಲಿ ಚಹಾ ಕುಡಿದೆವು.
ಬ್ರೆಡ್ಡು ಹಳಸಲು. ಅಜ್ಜಿಗೆ ಅಗಿಯಲಾಗಲಿಲ್ಲ.

ಗಿರಾಕಿ ಕೈತಪ್ಪಿದ ಸಿಟ್ಟು ನನಗಿನ್ನೂ ಇದೆ,
ಸುಳ್ಳು ಯಾಕೆ ಹೇಳಲಿ.
ಆದರೆ ಚಹಾ ಮುಗಿಸಿ ಬರುವಾಗ
ಎಲ್ಲರಿಗಿಂತ ಮೊದಲು ಬಗ್ಗಿ
ಎಡಗಡೆ ಹಿಂಚಕ್ರದಡಿ ಇಣುಕಿದವಳು ನಾನೇ.
ನೆಲ ಒಣಗಿತ್ತು.