ಹನ್ನೊಂದೂ ಇಪ್ಪತ್ತರ ಇಳಿತ

ನಮ್ಮ ಚುನಾವಣೆಯ ವೇಳೆ ಗೊತ್ತುಮಾಡುವವನು ಚಂದ್ರ.
ಹನ್ನೊಂದೂ ಇಪ್ಪತ್ತಕ್ಕೆ ನೀರು ಪೂರಾ ಇಳಿಯುತ್ತದೆ,
ಅಷ್ಟರೊಳಗೆ ಏಳು ಜನರನ್ನು ಆರಿಸಿ
ಬೂಟು ಹಾಕಿಕೊಂಡು ಮರಳಲ್ಲಿರಬೇಕು.

ಮೀನು ಹರಾಜುಕಟ್ಟೆಯ ಮೇಲಿನ ಕೋಣೆ. ಗಲೀಸಿಯಾದ ಡಿಸೆಂಬರು.
ಎಂಬತ್ತಮೂರು ಹೆಂಗಸರು, ಒಂದು ಪರವಾನಗಿಗೆ ಒಂದು ಮತ.
ಒಬ್ಬರ ಬದಲು ಇನ್ನೊಬ್ಬರು ಹಾಕುವಂತಿಲ್ಲ,
ಅದಕ್ಕೇ ಕಾಲು ಮುರಿದ ಎರ್ಮಿಟಾಸಳನ್ನು
ಗಂಡ ಚಿಪ್ಪು ಸಾಗಿಸುವ ಕೈಗಾಡಿಯಲ್ಲೇ ತಂದು
ಮೆಟ್ಟಿಲ ಬುಡದಲ್ಲಿ ಇಳಿಸಿದ. ನಾಲ್ವರು ಎತ್ತಿದರು.
"ಮದುವೆಯಲ್ಲೂ ಇಷ್ಟು ಮೆರವಣಿಗೆ ಇರಲಿಲ್ಲ" ಅಂದಳು.

ನಿಯಮದ ಪ್ರಕಾರ ಮೇಜಿಗೆ ಕೂರುವವರು ಇಬ್ಬರು:
ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಕಿರಿಯಳು.
ಹಿರಿಯಳು ದೊಸಿಂದಾ, ಅರವತ್ತಾರು;
ನೀರಲ್ಲಿ ನೆನೆದು ನೆನೆದು ಬೆರಳ ಗೆಣ್ಣು ಶುಂಠಿಯಾಗಿವೆ.
ಕಿರಿಯಳು ನಾನು. ಪರವಾನಗಿ ಬಂದು ಹತ್ತು ತಿಂಗಳು.
ಈ ಯೋಗ್ಯತೆಗೆ ನಾನೇನೂ ಮಾಡಿದ್ದಿಲ್ಲ,
ತಡವಾಗಿ ಹುಟ್ಟಿದ್ದು ಬಿಟ್ಟರೆ.

ಹನ್ನೊಂದು ಹೆಸರು, ಏಳು ಸ್ಥಾನ.
ಏಳರವರೆಗೆ ಗುರುತು ಹಾಕಬಹುದು, ಕಡಿಮೆಯಾದರೂ ಸರಿ,
ಎಂಟಾದರೆ ಚೀಟಿ ಪೂರ್ತಿ ಕೆಟ್ಟಂತೆ.
ಪೆಟ್ಟಿಗೆಯ ಬೀಗ ಸಿಗದೆ ಬಲೆಯ ದಾರದಿಂದ ಬಿಗಿದಿದ್ದೆವು.
ಗಂಟು ದೊಸಿಂದಾಳದು; ಬಿಚ್ಚಲು ಅವಳಿಗೂ ಕತ್ತರಿ ಬೇಕಾಯಿತು.

ಅವಳು ಓದುತ್ತಾಳೆ, ನಾನು ಗೀಟು ಹಾಕುತ್ತೇನೆ,
ದಿನವೂ ಬಳಚಿನ ದರ ಬರೆಯುವ ಅದೇ ಕರಿಹಲಗೆಯ ಮೇಲೆ.
ಒರೆಸಿದರೂ ನಿನ್ನೆಯ ದರ ಮಸುಕಾಗಿ ಉಳಿದಿದೆ:
ಸಬೇಲಾಳ ಪಕ್ಕ ಕಿಲೋಗೆ ಹನ್ನೆರಡು,
ಒಬ್ದೂಲಿಯಾಳ ಪಕ್ಕ ಹತ್ತೊಂಬತ್ತೂವರೆ.
ಯಾರೋ ನಕ್ಕರು. ಒಬ್ದೂಲಿಯಾ ನಗಲಿಲ್ಲ.

ಒಬ್ದೂಲಿಯಾ. ಹನ್ನೆರಡು ವರ್ಷದಿಂದ ಅಧ್ಯಕ್ಷೆ.
ಕಳ್ಳರು ಮರಳು ಬಾಚಲು ಬಂದ ರಾತ್ರಿ
ಬರೀ ಟಾರ್ಚು ಹಿಡಿದು ಸೊಂಟದ ನೀರಲ್ಲಿ ನಿಂತು
ಒಬ್ಬೊಬ್ಬನನ್ನೂ ಅವನ ಅಪ್ಪನ ಹೆಸರು ಹಿಡಿದು ಕೂಗಿದವಳು.
ಅವಳೇ, ನನ್ನ ಅಮ್ಮನ ಬುಟ್ಟಿಗೆ ಕೈಹಾಕಿ
ಅಳತೆಯ ಉಂಗುರದಲ್ಲಿ ತೂರಿಬಿದ್ದ ಒಂಬತ್ತು ಚಿಪ್ಪು ಎಣಿಸಿ
ಹದಿನೈದು ದಿನ ಇಳಿಯಬೇಡ ಅಂದವಳು.
ಹದಿನೈದು ದಿನ ನಮ್ಮನೆಯಲ್ಲಿ ಆಲೂಗಡ್ಡೆ.
ಒಂಬತ್ತೂ ಚಿಕ್ಕವೇ ಇದ್ದವು. ಅಮ್ಮನೂ ಇಲ್ಲ ಅನ್ನಲಿಲ್ಲ.

ನಡುವೆ ಎಲ್ಲೋ ನನ್ನ ಚೀಟಿ ಬಂತು.
ಮಡಿಕೆ ನನ್ನದು, ಆರು ಗುರುತು ನನ್ನವು.
ಏಳನೆಯದಕ್ಕೆ ಪೆನ್ನು ಒಬ್ದೂಲಿಯಾಳ ಮುಂದೆ ನಿಂತು,
ಚಿಪ್ಪು ಬೇರ್ಪಡಿಸುವ ಯಂತ್ರ ತರಿಸುತ್ತೇನೆಂದ
ತರೇಶಾಳ ಮುಂದೆ ನಿಂತು,
ಕೊನೆಗೆ ಕ್ಯಾಪು ಹಾಕಿಕೊಂಡಿತ್ತು.
ದೊಸಿಂದಾ ಆರು ಓದಿ ತಡೆದಳು,
ಇನ್ನೊಬ್ಬರು ಮೆಟ್ಟಿಲು ಹತ್ತುತ್ತಿದ್ದಾರೇನೋ ಎಂಬಂತೆ.
"ಅಷ್ಟೇ," ಅಂದು ಮಗುಚಿಟ್ಟಳು.

ಆರು ಸ್ಥಾನ ತುಂಬಿದವು. ಏಳನೆಯದಕ್ಕೆ
ಒಬ್ದೂಲಿಯಾ ಮೂವತ್ತೊಂಬತ್ತು, ತರೇಶಾ ಮೂವತ್ತೊಂಬತ್ತು.
ಎರಡು ಸಲ ಎಣಿಸಿದೆವು.
ಗಡಿಯಾರದಲ್ಲಿ ಹತ್ತೂ ಐವತ್ತು.
ಕಾರ್ಯದರ್ಶಿ ನಿಯಮಾವಳಿ ತಿರುವಿ ಓದಿದ:
ಸರಿಸಮವಾದರೆ ಚೀಟಿ ಎತ್ತತಕ್ಕದ್ದು,
ಎತ್ತತಕ್ಕವಳು ಮೇಜಿನ ಕಿರಿಯ ಸದಸ್ಯೆ.

ಕಾಗದದ ಮೇಲೆ ಹೇಳಲಾರದೆ ಬಿಟ್ಟದ್ದನ್ನು
ಬಕೆಟ್ಟಿಗೆ ಕೈಯಿಟ್ಟು ಹೇಳು ಅಂದಹಾಗಾಯಿತು.
ಎರಡು ಮಡಿಕೆ, ಒಂದೇ ಹಾಳೆಯಿಂದ ಹರಿದದ್ದು.
ಮೊದಲು ಮುಟ್ಟಿದ್ದನ್ನು ಬಿಟ್ಟೆ. ಯಾಕೆಂದು ಕೇಳಬೇಡಿ.
ಬಿಚ್ಚಿ ಓದಿದೆ: ತರೇಶಾ.

ಚಪ್ಪಾಳೆ ಅರ್ಧಕ್ಕೇ ಬೂಟಿನ ಸದ್ದಾಯಿತು.
ನಡಾವಳಿಗೆ ಸಹಿ ಹಾಕಲು ಉಳಿದವರು ನಾವಿಬ್ಬರು.
"ಮುಂದಿನ ಸಲ ನಾನಿರುವುದಿಲ್ಲ," ಅಂದಳು ದೊಸಿಂದಾ,
ಪೆನ್ನು ನನ್ನತ್ತ ತಳ್ಳುತ್ತ,
"ನೀನೂ ಕಿರಿಯಳಾಗಿರುವುದಿಲ್ಲ."

ಕೆಳಗೆ ಒಬ್ದೂಲಿಯಾ ಆಗಲೇ ಬಾಗಿ ಕೆರೆಯುತ್ತಿದ್ದಳು.
ಅಳತೆಯ ಉಂಗುರ ಇನ್ನೂ ಅವಳ ಕೊರಳ ದಾರದಲ್ಲೇ;
ವಾಪಸು ಕೇಳಲು ಯಾರಿಗೂ ಬಾಯಿ ಬಂದಿಲ್ಲ.
ನಾನು ಪಕ್ಕಕ್ಕೆ ಹೋಗಿ ನಿಂತೆ.
ನನ್ನ ಬುಟ್ಟಿಯಿಂದ ಒಂದು ಚಿಪ್ಪು ತೆಗೆದು
ಉಂಗುರಕ್ಕೆ ಒತ್ತಿ ನೋಡಿದಳು. ತೂರಲಿಲ್ಲ.
ವಾಪಸು ಹಾಕಿ
ಇನ್ನೊಂದಕ್ಕೆ ಕೈ ಚಾಚಿದಳು.